ನಳಿನಾಕ್ಷಿ ಆರಿಸಿದ ಬ್ಯಾಲೆ ಕ್ಲಾಸು

ಬ್ಯಾಲೆ ಕಲಿಸುತ್ತೇವೆ ಎಂದು ಗೇಟಿಗೆ ಬೋರ್ಡು ತೂಗುಹಾಕಿ, ಒಳಗೆ ಮಕ್ಕಳಿಗೆ ಕಪ್ಪೆಯ ಹಾಗೆ ಕುಪ್ಪಳಿಸುವುದನ್ನು ಕಲಿಸುತ್ತಾರೆ ಎಂದರೆ ಯಾರ ತಲೆ ತಾನೇ ತಿರುಗದೆ ಇದ್ದೀತು? ಬೆಂದೂರಿನ ಆ ಹಳೆಯ ಹಂಚಿನ ಮನೆಯ ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಯ ತುದಿಗೆ ಕೂತಿದ್ದ ನಳಿನಾಕ್ಷಿ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತಲೇ ಇದ್ದಳು. ಹಲಗೆ ಹಾಸಿದ ನೆಲದ ಮೇಲೆ ಗುಲಾಬಿ ಬಟ್ಟೆ ತೊಟ್ಟ ಮಕ್ಕಳು ಒಮ್ಮೆ ಕಪ್ಪೆಯಾದವು, ಒಮ್ಮೆ ಬೆಕ್ಕಾದವು, ಆಮೇಲೆ ಎಲ್ಲವೂ ಅಂಗಾತ ಮಲಗಿ ಗಾಳಿಗೆ ಹಾರುವ ಹತ್ತಿ ತಾವೇ ಎಂಬಂತೆ ಕೈಕಾಲು ಆಡಿಸಿದವು. ಟೀಚರು ಗ್ಲೆನಿಟಾ ನಗುತ್ತಿದ್ದಳು, ಮಕ್ಕಳೂ ನಗುತ್ತಿದ್ದವು. ನಡುವೆ ಒಬ್ಬ ಹುಡುಗಿ "ಮಿಸ್, ಇಲ್ಲಿ ನೋವು" ಎಂದು ಮೊಣಕಾಲು ತೋರಿಸಿದ್ದೇ ತಡ, ಆಕೆ ಸಂಗೀತವನ್ನೇ ನಿಲ್ಲಿಸಿ ನೆಲದ ಮೇಲೆ ಕೂತು, ಆ ಕಾಲನ್ನು ಹಿಡಿದು ನೋಡಿ, ಹುಡುಗಿಯನ್ನು ಬದಿಗೆ ಕೂರಿಸಿ ನೀರು ಕುಡಿಸಿದಳು.

"ಇದಕ್ಕೆ ಫೀಸು ಬೇರೆ ಉಂಟಾ?" ಎಂದು ನಳಿನಾಕ್ಷಿ ಸೊಸೆಯ ಕಿವಿಯಲ್ಲಿ ಕೇಳಿದಳು.

"ಸ್ವಲ್ಪ ಸುಮ್ಮನಿರಿ ಮಾಮಿ," ಎಂದಳು ಅನುಷ್ಕಾ.

ಅನುಷ್ಕಾ ವಿಮಾ ಕಂಪೆನಿಯಲ್ಲಿ ಕೆಲಸ ಮಾಡುವ ಹುಡುಗಿ. ಯಾವುದನ್ನೂ ನಾಲ್ಕು ಕಡೆ ಓದಿ ನೋಡದೆ ಒಪ್ಪುವವಳಲ್ಲ. ಮಗಳು ಪ್ರಾಪ್ತಿ ಮೂರನೇ ಕ್ಲಾಸಿನಲ್ಲಿ ಗೆಳತಿಯೊಬ್ಬಳ ಫೋನಿನಲ್ಲಿ ಬ್ಯಾಲೆ ನೋಡಿ ಬಂದು, ಅಂದಿನಿಂದ ಮನೆಯ ಸ್ಟೂಲು, ಕಿಟಕಿ, ಅಜ್ಜನ ಅಂಗಡಿಯ ಅಕ್ಕಿ ಮೂಟೆ ಎಲ್ಲವನ್ನೂ ಹಿಡಿದುಕೊಂಡು ಹೆಬ್ಬೆರಳ ಮೇಲೆ ನಿಲ್ಲತೊಡಗಿದ್ದಳು. ಮಸ್ಕತ್‌ನಲ್ಲಿದ್ದ ಅಪ್ಪ ಮುಖೇಶ್, ಹುಟ್ಟುಹಬ್ಬಕ್ಕೆ ಎಂತ ಬೇಕು ಎಂದು ಕೇಳಿದಾಗ ಅವಳು ಹೇಳಿದ್ದೂ ಅದನ್ನೇ. ಹಾಗೆ ಶುರುವಾಗಿತ್ತು ಈ ಕ್ಲಾಸು ಹುಡುಕುವ ಕೆಲಸ. ತರಗತಿ ಮುಗಿದ ಮೇಲೆ ಅನುಷ್ಕಾ ಗ್ಲೆನಿಟಾಳನ್ನು ಹಿಡಿದು ನಿಲ್ಲಿಸಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದಳು. ನೆಲಕ್ಕೆ ಹಲಗೆ ಏಕೆ, ತಂದೆತಾಯಿ ಕೂತು ನೋಡಬಹುದೇ, ಆ ತುದಿಯ ಮೇಲೆ ನಿಲ್ಲುವ ಗಟ್ಟಿ ಶೂ ಯಾವಾಗ ಕೊಡುತ್ತೀರಿ?

"ಹನ್ನೊಂದು ಹನ್ನೆರಡು ವರ್ಷ ಆಗದೆ ಆ ಶೂ ಹಾಕಿಸೂದಿಲ್ಲ," ಎಂದಳು ಗ್ಲೆನಿಟಾ. "ಅದೂ ಕಾಲಲ್ಲಿ ಶಕ್ತಿ ಉಂಟಾ ಅಂತ ನೋಡಿ. ಈಗ ಎಲುಬು ಎಳತಲ್ವಾ? ಹಲಗೆ ಆದ್ರೆ ಹಾರಿದಾಗ ಕಾಲಿಗೆ ಪೆಟ್ಟು ಬೀಳೂದಿಲ್ಲ. ನೀವು ಯಾವಾಗ ಬೇಕಾದ್ರೂ ಬಂದು ಕೂತು ನೋಡಿ. ಮಕ್ಕಳಿಗೆ ಖುಷಿ ಆದ್ರೆ ಮೈ ಬಗ್ಗೂದು ತನ್ನಷ್ಟಕ್ಕೆ ಬರ್ತದೆ."

ತನ್ನಷ್ಟಕ್ಕೆ ಬರುತ್ತದಂತೆ! ಈ ಮಾತು ಕೇಳಿ ನಳಿನಾಕ್ಷಿ ನಿಜಕ್ಕೂ ದಂಗಾದಳು. ಮೈ ತನ್ನಷ್ಟಕ್ಕೆ ಬಗ್ಗುವುದಾದರೆ ತಾನು ಇಷ್ಟು ವರ್ಷ ಮಾಡಿದ್ದು ಎಂತದು?

ಅವಳು ಹಾಗೆ ಕೇಳುವುದಕ್ಕೂ ಕಾರಣವಿತ್ತು. ಕುದ್ರೋಳಿಯಲ್ಲಿ ಅವಳ ಗಂಡ ಚೆನ್ನಪ್ಪನ ಜೀನಸಿನ ಅಂಗಡಿ ಎಲ್ಲಿ ಎಂದು ಕೇಳಿದರೆ ಒಂದಿಬ್ಬರು ತಲೆ ಕೆರೆದುಕೊಂಡಾರು. ಮಕ್ಕಳನ್ನು ಮೀಯಿಸುವ ನಳಿನಾಕ್ಷಿಯ ಮನೆ ಎಂದರೆ ಬೀದಿಯ ನಾಯಿಯೂ ದಾರಿ ತೋರಿಸೀತು. ಆ ಓಣಿಯಲ್ಲಿ ಯಾವ ಮನೆಗೆ ಬಾಣಂತಿ ಬಂದರೂ, ಅದು ಹಿಂದೂಗಳ ಮನೆಯಾಗಲಿ ಬ್ಯಾರಿಗಳ ಮನೆಯಾಗಲಿ, ಮೊದಲು ಕರೆ ಬರುವುದು ಅವಳಿಗೆ. ಬಚ್ಚಲಿನಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ, ತೆಂಗಿನೆಣ್ಣೆ ಹಚ್ಚಿ ತಿಕ್ಕಿ, ಎಡಗೈಯನ್ನು ಬಲಗಾಲಿಗೂ ಬಲಗೈಯನ್ನು ಎಡಗಾಲಿಗೂ ತಾಗಿಸಿ, ಕಾಲು ಮಡಚಿ ಹೊಟ್ಟೆಗೆ ಒತ್ತಿ, ಮೂಗು ತೀಡಿ ಬಿಸಿನೀರು ಹೊಯ್ದಳೆಂದರೆ ಮಗು ಊರು ಕೇಳುವಂತೆ ಅಳುತ್ತಿತ್ತು. ಹೊಸ ತಾಯಂದಿರು ಬಾಗಿಲ ಬಳಿ ನಿಂತು ಕಣ್ಣೀರು ಹಾಕುತ್ತಿದ್ದರು. "ಅಳಲಿ ಮಾರಾಯ್ತಿ, ಎಂತ ಆಗೂದಿಲ್ಲ, ಎದೆ ಬಿಚ್ಚಿಕೊಳ್ತದೆ" ಎನ್ನುತ್ತಿದ್ದಳು ನಳಿನಾಕ್ಷಿ. ಆಮೇಲೆ ಆ ಮಗು ಹಾಲು ಕುಡಿದು ಮಧ್ಯಾಹ್ನದವರೆಗೆ ಸೊಂಪಾಗಿ ನಿದ್ದೆ ಹೋಗುತ್ತಿತ್ತು. ಅವಳು ಮೀಯಿಸಿದ ಮಕ್ಕಳಲ್ಲಿ ಈಗ ಲಾರಿ ಓಡಿಸುವವರಿದ್ದಾರೆ, ಪೊಲೀಸರಿದ್ದಾರೆ, ಒಬ್ಬ ಡಾಕ್ಟರೂ ಇದ್ದಾನೆ. ಎಲ್ಲರ ಕೈಕಾಲು ನೆಟ್ಟಗಿರುವುದು ತನ್ನಿಂದ ಎಂದು ಅವಳು ನಂಬಿದ್ದಳು, ಓಣಿಯೂ ನಂಬಿತ್ತು. ಹೀಗಾಗಿ ಮೈಯ ವಿಷಯ ಬಂದರೆ ಮನೆಯಲ್ಲಿ ಅವಳದೇ ಕೊನೆಯ ಮಾತು.

ಎರಡನೆಯ ಕ್ಲಾಸು ಪಂಪ್‌ವೆಲ್‌ನಲ್ಲಿತ್ತು, ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಲಿಫ್ಟು, ಎಸಿ, ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್ ನೆಲ, ಗೋಡೆ ತುಂಬ ಕನ್ನಡಿ, ಕನ್ನಡಿಯ ಪಕ್ಕದಲ್ಲಿ ಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು. ನಡೆಸುವವನು ಶ್ರವಣ್ ಎಂಬ ಲಕ್ಷಣವಾದ ಯುವಕ. "ಬನ್ನಿ ಆಂಟಿ, ಕೂತ್ಕೊಳ್ಳಿ" ಎಂದು ತಾನೇ ಕುರ್ಚಿ ಎಳೆದು ಕೊಟ್ಟ. ಮೊದಲ ದಿನ ಮಾತ್ರ ಒಳಗೆ ಕೂರಬಹುದು, ಸೇರಿದ ಮೇಲೆ ಹೊರಗಿನ ಬೆಂಚಿನಲ್ಲಿ, ಇಲ್ಲದಿದ್ದರೆ ಮಕ್ಕಳ ಗಮನ ತಂದೆತಾಯಿಯ ಕಡೆಗೇ ಇರುತ್ತದೆ ಎಂದು ಬಹಳ ಮರ್ಯಾದೆಯಿಂದ ವಿವರಿಸಿದ.

ಒಳಗೆ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಮಕ್ಕಳು ಸಾಲಾಗಿ ನೆಲದ ಮೇಲೆ ಕಾಲುಗಳನ್ನು ಎರಡು ದಿಕ್ಕಿಗೆ ಚಾಚಿ ಕೂತಿದ್ದವು. ಹೊಸಬಳೊಬ್ಬಳ ಕಾಲು ಪೂರ್ತಿ ನೆಲ ಮುಟ್ಟಿರಲಿಲ್ಲ. ಶ್ರವಣ್ ಅವಳ ಹಿಂದೆ ಹೋಗಿ, ತೊಡೆಯ ಮೇಲೆ ತನ್ನ ಮಂಡಿಯೂರಿ, ಭುಜ ಹಿಡಿದು ಒತ್ತಿದ. ಹುಡುಗಿ ಕಿರುಚಿ ಅಳತೊಡಗಿದಳು. ಅವನು ಒತ್ತುತ್ತಲೇ ಇದ್ದ. ಅನುಷ್ಕಾ ಅತ್ತೆಯ ಮೊಣಕೈ ಹಿಡಿದುಕೊಂಡಳು.

ನಳಿನಾಕ್ಷಿಯೂ ಬೆರಗಾಗಿದ್ದಳು, ಆದರೆ ಆ ಬೆರಗೇ ಬೇರೆ. ಅಬ್ಬಾ, ಇದು ತನ್ನದೇ ಕೆಲಸ! ಇಷ್ಟು ವರ್ಷ ಬಚ್ಚಲಿನಲ್ಲಿ ತಾನು ಮಾಡಿದ್ದನ್ನು ಈ ಹುಡುಗ ಎಸಿ ಹಾಕಿಕೊಂಡು ಮಾಡುತ್ತಿದ್ದಾನೆ! ಕಾಲು ಹಿಡಿಯುವ ರೀತಿ, ಮೈಭಾರ ಹಾಕುವ ರೀತಿ, ಅಳುವಿಗೆ ಕರಗದ ಗಟ್ಟಿತನ, ಎಲ್ಲವೂ ಅವಳಿಗೆ ಹಿಡಿಸಿತು.

"ಹತ್ತು ವರ್ಷದ ಒಳಗೆ ಬಗ್ಗಿಸಿದ್ರೆ ಬಗ್ತದೆ ಆಂಟಿ," ಎಂದ ಶ್ರವಣ್. "ಮತ್ತೆ ಆಗೂದಿಲ್ಲ. ಒಂದು ವರ್ಷದಲ್ಲಿ ನಿಮ್ಮ ಮೊಮ್ಮಗಳನ್ನು ತುದಿಗಾಲಲ್ಲಿ ಸ್ಟೇಜಿಗೆ ಹತ್ತಿಸ್ತೇನೆ."

"ಅದನ್ನೇ ನಾನು ಹೇಳೂದು," ಎಂದಳು ನಳಿನಾಕ್ಷಿ. "ಎಳತಿರುವಾಗಲೇ ಮಾಡ್ಬೇಕು."

ಲಿಫ್ಟಿನಲ್ಲಿ ಇಳಿಯುವಾಗ ಅನುಷ್ಕಾ ಬಾಯಿ ಬಿಟ್ಟಳು. "ಮಾಮಿ, ಆ ಮಗು ಅಳ್ತಾ ಇತ್ತು."

"ನಿನ್ನ ಮಗಳು ಅತ್ತದ್ದು ಅದಕ್ಕಿಂತ ಜಾಸ್ತಿ. ಗೊತ್ತುಂಟಾ? ನೀನು ಬಾಣಂತಿ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದೆ. ಈಗ ನೋಡು, ಬಳ್ಳಿಯ ಹಾಗೆ ಬಳುಕ್ತಾಳೆ. ಸುಮ್ಮನೆ ಬಂತಾ ಅದು?"

ಆ ಸಂಜೆ ವೀಡಿಯೋ ಕಾಲಿನಲ್ಲಿ ಮುಖೇಶ್ ಎರಡೂ ಕಡೆಯ ವಾದ ಕೇಳಿದ. ಅನುಷ್ಕಾ ಬೆಂದೂರು ಎಂದಳು, ಅವನ ತಾಯಿ ಪಂಪ್‌ವೆಲ್ ಎಂದಳು. ಮಸ್ಕತ್‌ನಲ್ಲಿ ಕೂತು ಅತ್ತೆ ಸೊಸೆಯ ನಡುವೆ ತೀರ್ಪು ಕೊಡುವ ಧೈರ್ಯ ಯಾವ ಗಂಡಸಿಗಿದೆ? "ಮೈಕೈ ವಿಷಯ ಅಮ್ಮನಿಗೆ ಗೊತ್ತಲ್ವಾ, ಅವರು ಹೇಳಿದ ಹಾಗೆ ಮಾಡು ಮಾರಾಯ್ತಿ" ಎಂದು ಅವನು ನುಣುಚಿಕೊಂಡ. ಚೆನ್ನಪ್ಪ ಅಂಗಡಿಯ ಬಾಗಿಲಿನಿಂದಲೇ, "ಕಪ್ಪೆ ಕುಣಿಯೂದನ್ನು ನೋಡ್ಲಿಕ್ಕೆ ಬೆಂದೂರಿಗೆ ಯಾಕೆ, ಮಳೆಗಾಲದಲ್ಲಿ ನಮ್ಮ ಹಿತ್ತಲಿಗೆ ಬಂದ್ರೆ ಸಾಕು" ಎಂದು ನಕ್ಕ. ಅನುಷ್ಕಾಳಿಗೆ ಆಫೀಸು, ಕರೆದುಕೊಂಡು ಹೋಗುವವಳು ಅತ್ತೆ. ಹೋಗುವವರು ಆರಿಸಲಿ ಎಂದು ಬಿಟ್ಟುಕೊಟ್ಟಳು.

ಪ್ರಾಪ್ತಿ ಪಂಪ್‌ವೆಲ್‌ಗೆ ಸೇರಿದಳು. ವಾರಕ್ಕೆ ಮೂರು ಸಂಜೆ ಅಜ್ಜಿ ಮೊಮ್ಮಗಳು ಸಿಟಿ ಬಸ್ಸು ಹತ್ತುತ್ತಿದ್ದರು. ಬಾಗಿಲು ಮುಚ್ಚುತ್ತಿತ್ತು, ಹೊರಗಿನ ಬೆಂಚಿನಲ್ಲಿ ಬೇರೆ ಅಮ್ಮಂದಿರ ಜತೆ ನಳಿನಾಕ್ಷಿ ಕೂರುತ್ತಿದ್ದಳು. ಒಳಗಿಂದ ಅಳು ಕೇಳುತ್ತಿತ್ತು. ಅಮ್ಮಂದಿರು ಫೋನಿನಿಂದ ತಲೆ ಎತ್ತುತ್ತಿದ್ದರು. "ಎಂತ ಹೆದರ್ಬೇಡಿ, ಮೈ ಬಿಡೂದು ಹಾಗೆಯೇ" ಎಂದು ನಳಿನಾಕ್ಷಿ ಅವರಿಗೆಲ್ಲ ಧೈರ್ಯ ಹೇಳುತ್ತಿದ್ದಳು. ಶ್ರವಣನ ಅದೃಷ್ಟ, ಇಂಥ ಅಜ್ಜಿ ಬಾಗಿಲಲ್ಲೇ ಸಿಕ್ಕಿದ್ದಳು.

ಮೊದಮೊದಲು ಪ್ರಾಪ್ತಿ ಬಸ್ಸಿನಲ್ಲಿ ಅಜ್ಜಿಯ ತೋಳಿಗೆ ಮುಖ ಒತ್ತಿ, "ನಾಳೆಯಿಂದ ಬೇಡ ಅಜ್ಜಿ, ತುಂಬಾ ನೋಯ್ತದೆ" ಎನ್ನುತ್ತಿದ್ದಳು. ನಳಿನಾಕ್ಷಿಗೆ ಮೊಮ್ಮಗಳೆಂದರೆ ಪ್ರಾಣ. ಆದರೂ ಸೋಲಬಾರದು ಎಂದು ಅವಳ ಬೆನ್ನು ಸವರಿ, "ಅಳದೆ ಮಾಡಿದ್ರೆ ಇಳಿದ ಕೂಡಲೇ ಗಡ್‌ಬಡ್ ಐಸ್‌ಕ್ರೀಂ" ಎಂದು ಆಸೆ ಹಚ್ಚುತ್ತಿದ್ದಳು. ಅತ್ತ ದಿನ ಐಸ್‌ಕ್ರೀಂ ಇಲ್ಲ. ಕೆಲವು ವಾರ ಹೀಗೆ ನಡೆಯಿತು. ಒಂದು ಸಂಜೆ ಬಾಗಿಲ ಹಿಂದಿನ ಅಳುವಿನಲ್ಲಿ ಪ್ರಾಪ್ತಿಯ ದನಿ ಕೇಳಲಿಲ್ಲ. ಮರು ಕ್ಲಾಸಿನಲ್ಲೂ ಕೇಳಲಿಲ್ಲ. ನಳಿನಾಕ್ಷಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ನಮ್ಮ ಪ್ರಾಪ್ತಿ ಈಗ ಅಳೂದೇ ಇಲ್ಲ" ಎಂದು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹೇಳಿಕೊಂಡು ಬಂದಳು.

ಪ್ರಾಪ್ತಿ ಎರಡೂ ಕಾಲು ಚಾಚಿ ನೆಲಕ್ಕೆ ಅಂಟಿ ಕೂತು ನಗುತ್ತಿರುವ ವೀಡಿಯೋವನ್ನು ಶ್ರವಣ್ ಕಳುಹಿಸಿದ. ಅದು ಮನೆಯವರ ಗ್ರೂಪಿಗೆ ಹೋಯಿತು, ಅಲ್ಲಿಂದ ಮಸ್ಕತ್‌ಗೆ, ಮಸ್ಕತ್‌ನಿಂದ ಉಳ್ಳಾಲದ ಸೋದರತ್ತೆಯ ಮನೆಗೆ. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ಅನುಷ್ಕಾ ಮಾತ್ರ ಆ ವೀಡಿಯೋವನ್ನು ಮತ್ತೆ ಮತ್ತೆ ನೋಡಿದಳು. "ಇವಳು ನಗೂದು ಹೀಗಲ್ಲ ಮಾಮಿ" ಎಂದಳು.

"ಸ್ಟೇಜಿನ ನಗು ಅದು," ಎಂದಳು ನಳಿನಾಕ್ಷಿ. ಮೊಮ್ಮಗಳು ಮೆಟ್ಟಿಲು ಹತ್ತುವಾಗ ಯಾವಾಗಲೂ ಎಡಗಾಲನ್ನೇ ಮುಂದಿಡುತ್ತಿದ್ದುದು, ಊಟಕ್ಕೆ ನೆಲದ ಮೇಲೆ ಕೂರದೆ ಕುರ್ಚಿ ಎಳೆದುಕೊಳ್ಳುತ್ತಿದ್ದುದು ಅವಳಿಗೂ ಕಂಡಿತ್ತು. ನೃತ್ಯ ಕಲಿಯುವವರ ನಡಿಗೆಯೇ ಬೇರೆ ಎಂದು ಅದಕ್ಕೂ ಹೆಮ್ಮೆಪಟ್ಟಿದ್ದಳು.

ಇಷ್ಟರಲ್ಲಿ ಪಕ್ಕದ ಮನೆಯ ಹಾಶಿಂ ಬ್ಯಾರಿಗಳ ಮಗಳು ಮಿಸ್ರಿಯಾ ಹೆರಿಗೆಗೆ ತಾಯಿಮನೆಗೆ ಬಂದಳು. ಗಂಡು ಮಗು. ರೂಢಿಯಂತೆ ನಳಿನಾಕ್ಷಿಗೆ ಕರೆ ಬಂತು. ಆ ಶನಿವಾರ ಪ್ರಾಪ್ತಿಗೆ ಶಾಲೆಗೆ ರಜೆ, ಅವಳೂ ಅಜ್ಜಿಯ ಬೆನ್ನಿಗೆ ಹೊರಟಳು. ಬಚ್ಚಲಿನ ಬಾಗಿಲಲ್ಲಿ ಮಿಸ್ರಿಯಾ ಟವೆಲು ಹಿಡಿದು ನಿಂತಿದ್ದಳು. ನಳಿನಾಕ್ಷಿ ಕಾಲು ನೀಡಿ ಕೂತು ಮಗುವನ್ನು ಮಲಗಿಸಿಕೊಂಡಳು. ಎಣ್ಣೆ ತಿಕ್ಕುವವರೆಗೆ ಅದು ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಕೈಯನ್ನೂ ಕಾಲನ್ನೂ ಅಡ್ಡಲಾಗಿ ಜೋಡಿಸಿ ಎಳೆದದ್ದೇ ಮುಖ ಕೆಂಪಗೆ ಮಾಡಿ ಅಳಲು ಶುರುಮಾಡಿತು.

ಬಾಗಿಲಲ್ಲಿದ್ದ ಪ್ರಾಪ್ತಿ ಒಮ್ಮೆಲೇ ಒಳಗೆ ನುಗ್ಗಿ, ಒದ್ದೆ ನೆಲದ ಮೇಲೆ ಬಿದ್ದು, ಎರಡೂ ಕೈಯಿಂದ ಮಗುವಿನ ಬಾಯಿ ಮುಚ್ಚಿಹಿಡಿದಳು.

"ಅಳಬೇಡ, ಅಳಬೇಡ! ಅತ್ರೆ ಮತ್ತೆ ಒಂದರಿಂದ!"

ಮಿಸ್ರಿಯಾ ಕಿಟಾರನೆ ಕಿರುಚಿದಳು. ನಳಿನಾಕ್ಷಿ ಪ್ರಾಪ್ತಿಯ ಕೈಗಳನ್ನು ಕಿತ್ತೆಸೆದು, ಮಗುವನ್ನು ಎತ್ತಿ ಭುಜಕ್ಕೆ ಹಾಕಿಕೊಂಡಳು. ಅದು ಉಸಿರು ಎಳೆದು ಮತ್ತೆ ಅತ್ತ ಮೇಲೆಯೇ ಅವಳಿಗೆ ಉಸಿರು ಬಂದದ್ದು. ಮಗುವನ್ನು ತಾಯಿಯ ಕೈಗೆ ಕೊಟ್ಟು ಮೊಮ್ಮಗಳ ಕಡೆ ತಿರುಗಿದಳು. ಹೊಡೆಯಲು ಎತ್ತಿದ ಕೈ ಅಲ್ಲೇ ನಿಂತಿತು. ಪ್ರಾಪ್ತಿ ಗಡಗಡ ನಡುಗುತ್ತಿದ್ದಳು.

"ಎಂತ ಮಾಡಿದ್ದು ನೀನು? ಹುಚ್ಚಾ ನಿಂಗೆ?"

"ಅದು ಅಳ್ತಾ ಇತ್ತಲ್ಲ ಅಜ್ಜಿ," ಎಂದಳು ಪ್ರಾಪ್ತಿ. "ಅತ್ರೆ ಸರ್ ಲೆಕ್ಕವನ್ನು ಮತ್ತೆ ಒಂದರಿಂದ ಶುರು ಮಾಡ್ತಾರೆ. ಲೆಕ್ಕ ಮುಗಿಯುವವರೆಗೆ ಕಾಲ ಮೇಲಿಂದ ಏಳೂದಿಲ್ಲ. ಅಳದಿದ್ರೆ ಬೇಗ ಬಿಡ್ತಾರೆ. ಪಾಪ, ಅದಕ್ಕೆ ಗೊತ್ತಿಲ್ಲ."

ನಳಿನಾಕ್ಷಿ ಎಣ್ಣೆಗೈಯಲ್ಲೇ ಮಣೆಯ ಮೇಲೆ ಕುಸಿದಳು. ಮಿಸ್ರಿಯಾ ಏನೋ ಹೇಳುತ್ತಿದ್ದಳು, ಅದು ಕಿವಿಗೆ ಬೀಳಲಿಲ್ಲ. ಮಕ್ಕಳನ್ನು ಮೀಯಿಸುವವಳಿಗೆ ಅಳುವೇ ದಾರಿ ತೋರಿಸುತ್ತದೆ. ನೀರು ಬಿಸಿಯಾಯಿತು ಎಂಬ ಅಳು ಬೇರೆ, ಸಿಟ್ಟಿನ ಅಳು ಬೇರೆ, ನೋವಿನ ಅಳು ಬೇರೆ. ಆ ಮೂರನೆಯದು ಕೇಳಿದ ಕ್ಷಣವೇ ಅವಳ ಕೈ ತಾನಾಗಿ ಸಡಿಲವಾಗುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ, ಅವಳಿಗೇ ಗೊತ್ತಿಲ್ಲದೆ ಆಗುತ್ತಿದ್ದದ್ದು. ಅಳು ಕೇಳಿಸದಿದ್ದರೆ ಎಷ್ಟೋ ಮಕ್ಕಳ ಕೈಕಾಲು ಅವಳ ಕೈಯಲ್ಲೇ ಮುರಿಯುತ್ತಿತ್ತು. ಪಂಪ್‌ವೆಲ್‌ನ ಆ ಹುಡುಗ ಒತ್ತುವುದನ್ನು ಅವಳು ನೋಡಿದ್ದಳು, ಮೆಚ್ಚಿದ್ದಳು. ಅವನ ಕೈ ಎಲ್ಲಾದರೂ ಸಡಿಲವಾಯಿತೇ ಎಂದು ನೋಡಲೇ ಇಲ್ಲ. ಅವನು ಅಳುವನ್ನೇ ನಿಲ್ಲಿಸಿಬಿಟ್ಟಿದ್ದ, ಇವಳು ಅದಕ್ಕೆ ಐಸ್‌ಕ್ರೀಂ ಕೊಡಿಸಿದ್ದಳು.

ಮನೆಗೆ ಬಂದವಳೇ ಒಳಕೋಣೆಯಲ್ಲಿ ಚಾಪೆ ಹಾಸಿದಳು. "ಮಲಗು ಮಗಾ, ಅಜ್ಜಿ ಸ್ವಲ್ಪ ಎಣ್ಣೆ ಹಾಕ್ತೇನೆ."

ಪ್ರಾಪ್ತಿ ತಕರಾರಿಲ್ಲದೆ ಮಲಗಿದಳು. ಹುಟ್ಟಿದಾಗಿನಿಂದ ಆ ಮೈಯ ಒಂದೊಂದು ಮೂಳೆಯೂ ನಳಿನಾಕ್ಷಿಗೆ ಗೊತ್ತು. ಎಡಗಾಲು ಸರಿಯಾಗಿತ್ತು. ಬಲ ತೊಡೆಯ ಹಿಂಭಾಗಕ್ಕೆ ಬೆರಳು ಹೋದಾಗ ಅವಳು ಬೆಚ್ಚಿದಳು. ಅಲ್ಲಿ ಮೃದುವಾಗಿರಬೇಕಾದ ಜಾಗದಲ್ಲಿ ಒಂದು ಗಂಟು, ಬೆರಳು ತಾಗಿದ ಕೂಡಲೇ ಹಾರುತ್ತಿತ್ತು. ಪೃಷ್ಠದ ಕೆಳಗೆ ಊತ. ಇಷ್ಟು ದಿನ ಅವಳು ಇದೇ ಮನೆಯಲ್ಲಿದ್ದಳು, ಇದೇ ಮಗುವಿಗೆ ಜಡೆ ಹಾಕಿದ್ದಳು, ಇದೇ ಮಗುವಿನ ಜತೆ ಬಸ್ಸು ಹತ್ತಿದ್ದಳು.

"ನೋವುಂಟಾ?"

"ಇಲ್ಲ ಅಜ್ಜಿ."

"ನಿಜ ಹೇಳು. ಇಲ್ಲಿ?"

"ಇಲ್ಲ."

ಹೂವು ಮುಟ್ಟಿದಷ್ಟೇ ಹಗುರವಾಗಿ ಅವಳು ಬೆರಳು ಒತ್ತಿ ಮೊಮ್ಮಗಳ ಮುಖ ನೋಡಿದಳು. ಪ್ರಾಪ್ತಿಯ ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು. ಕಣ್ಣು ಜಂತಿಯಲ್ಲಿ ನೆಟ್ಟಿತ್ತು. ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಏನು ಹೇಳಿಕೊಳ್ಳುತ್ತಿದ್ದಾಳೆ ಎಂದು ನಳಿನಾಕ್ಷಿ ಕಿವಿ ಹತ್ತಿರ ಒಯ್ದಳು. ಮಗು ಎಣಿಸುತ್ತಿತ್ತು.

ಬಿಸಿ ಬಾಣಲೆ ಮುಟ್ಟಿದವಳಂತೆ ಅವಳು ಕೈ ಎಳೆದುಕೊಂಡಳು. ತನ್ನ ಕೈಯನ್ನೂ ಈ ಮಗು ಆ ಸಾಲಿಗೇ ಸೇರಿಸಿತ್ತು! ಅಜ್ಜಿ ಒತ್ತಿದರೂ ಎಣಿಕೆ, ಸರ್ ಒತ್ತಿದರೂ ಎಣಿಕೆ. ಅಂಗಡಿಗೆ ಓಡಿ ಗಂಡನ ಕೈಯಲ್ಲಿ ಅನುಷ್ಕಾಳಿಗೆ ಫೋನು ಮಾಡಿಸಿದಳು. "ಎಂತ ಆಯ್ತು ನಳಿನಾ?" ಎಂದು ಚೆನ್ನಪ್ಪ ಕೇಳಿದರೆ, ಪ್ರಾಪ್ತಿಯ ಕಾಲು, ಆಸ್ಪತ್ರೆಗೆ ಹೋಗ್ಬೇಕು ಎಂದಳು. ಅವನು ಗಿರಾಕಿಗಳನ್ನು ಬಿಟ್ಟು ರಿಕ್ಷಾ ಕರೆಯಲು ಓಡಿದ.

ಆಸ್ಪತ್ರೆಯಲ್ಲಿ ಮಕ್ಕಳ ಎಲುಬಿನ ಡಾಕ್ಟರು ಮೊದಲು ಪ್ರಾಪ್ತಿಯನ್ನೇ ಕೇಳಿದರು, ಎಲ್ಲಿ ನೋವು ಪುಟ್ಟಿ ಎಂದು. ಎಲ್ಲೂ ಇಲ್ಲ ಎಂದಳು ಪ್ರಾಪ್ತಿ. ಅವರು ಕಾಲನ್ನು ಮೆಲ್ಲಗೆ ಎತ್ತಿದರು. ಅವಳು ನಕ್ಕಳು, ವೀಡಿಯೋದಲ್ಲಿ ನಕ್ಕಂತೆಯೇ. ಡಾಕ್ಟರರ ಹುಬ್ಬು ಗಂಟಿಕ್ಕಿತು. ಎಕ್ಸ್‌ರೇಗೆ ಬರೆದುಕೊಟ್ಟರು.

ಎಕ್ಸ್‌ರೇ ಬಂದ ಮೇಲೆ ಬೆಳಕಿನ ಮುಂದೆ ಹಿಡಿದು ಬಹಳ ಹೊತ್ತು ನೋಡಿದರು. ಆಫೀಸಿನಿಂದ ಓಡಿ ಬಂದಿದ್ದ ಅನುಷ್ಕಾ ಇನ್ನೂ ಕುತ್ತಿಗೆಯ ಐಡಿ ಕಾರ್ಡು ತೆಗೆದಿರಲಿಲ್ಲ.

"ಇಲ್ಲಿ ನೋಡಿ," ಎಂದರು ಡಾಕ್ಟರು. "ನಾವು ಕೂರುವ ಎಲುಬು ಇದು. ತೊಡೆಯ ಸ್ನಾಯು ಇದಕ್ಕೆ ಅಂಟಿಕೊಂಡಿರ್ತದೆ. ಬಲವಂತದಿಂದ ಎಳೆದು ಎಳೆದು ಎಲುಬಿನ ಒಂದು ಚೂರೇ ಕಿತ್ತು ಬಂದಿದೆ. ಮಕ್ಕಳ ಎಲುಬು ಎಳತಲ್ವಾ, ಸ್ನಾಯುವಿಗಿಂತ ಮೊದಲು ಅದೇ ಬಿಟ್ಟುಕೊಡೂದು."

"ಸರಿ ಆಗ್ತದಲ್ಲ ಡಾಕ್ಟ್ರೇ?" ಎಂದು ಅನುಷ್ಕಾ ಕೇಳಿದಳು.

"ವಿಶ್ರಾಂತಿ ಕೊಟ್ರೆ ಕೂಡಿಕೊಳ್ಳುತ್ತದೆ ಅಂತ ನನ್ನ ಅಂದಾಜು. ತಿಂಗಳುಗಟ್ಟಲೆ ಬೇಕು. ಆದ್ರೆ ನಂಗೆ ಒಂದು ಅರ್ಥ ಆಗೂದಿಲ್ಲ. ಇದು ಇವತ್ತಿನದ್ದಲ್ಲ. ಕೆಲವು ವಾರದ್ದು. ಈ ಕಾಲಲ್ಲಿ ನಡೆದಿದ್ದಾಳೆ, ಮೆಟ್ಟಿಲು ಹತ್ತಿದ್ದಾಳೆ, ಮತ್ತೆ ಮತ್ತೆ ಇದರ ಮೇಲೆ ಒತ್ತಿಸಿಕೊಂಡಿದ್ದಾಳೆ. ದೊಡ್ಡವರೇ ತಡೆಯದ ನೋವು ಇದು. ಮನೆಯಲ್ಲಿ ಈ ಮಗು ಒಮ್ಮೆಯೂ ಅಳ್ಲಿಲ್ವಾ?"

ಅನುಷ್ಕಾ ನಿಧಾನವಾಗಿ ತಲೆ ತಿರುಗಿಸಿ ಅತ್ತೆಯನ್ನು ನೋಡಿದಳು. ಬೈದಿದ್ದರೆ, ಒಂದೇಟು ಹೊಡೆದಿದ್ದರೂ ನಳಿನಾಕ್ಷಿ ತಡೆದುಕೊಳ್ಳುತ್ತಿದ್ದಳು. ಆ ನೋಟವನ್ನು ತಡೆದುಕೊಳ್ಳಲಾಗಲಿಲ್ಲ.

"ಅಳ್ತಿದ್ಲು," ಎಂದಳು ನಳಿನಾಕ್ಷಿ. "ಬಸ್ಸಲ್ಲಿ ನನ್ನ ಹತ್ರ ಅಳ್ತಿದ್ಲು. ಬೇಡ ಅಂತ ಹೇಳ್ತಿದ್ಲು. ನಾನೇ ನಿಲ್ಲಿಸಿದ್ದು."

ಡಾಕ್ಟರು ಎಕ್ಸ್‌ರೇ ಕೆಳಗಿಟ್ಟರು. ಇದನ್ನು ಹೀಗೇ ಬಿಡುವಂತಿಲ್ಲ, ಆ ಕ್ಲಾಸಿನ ಬೇರೆ ಮಕ್ಕಳನ್ನೂ ಇವತ್ತೇ ಪರೀಕ್ಷೆ ಮಾಡಿಸಬೇಕು, ಮಕ್ಕಳ ರಕ್ಷಣೆಯವರಿಗೆ ತಾವೇ ತಿಳಿಸುತ್ತೇವೆ ಎಂದರು. ಅನುಷ್ಕಾ ಆಗಲೇ ಫೋನು ತೆಗೆದು ಉಳಿದ ಅಮ್ಮಂದಿರಿಗೆ ಮೆಸೇಜು ಬರೆಯತೊಡಗಿದ್ದಳು. ಚೆನ್ನಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದ.

ಆ ಬೆಂಚಿನಲ್ಲಿ ಕೂತ ಅಮ್ಮಂದಿರ ಮುಖಗಳು ಒಂದೊಂದಾಗಿ ನಳಿನಾಕ್ಷಿಯ ಕಣ್ಣಮುಂದೆ ಬಂದವು. ಎಲ್ಲರಿಗೂ ಹೆದರಬೇಡಿ ಎಂದು ಹೇಳಿದವಳು ಅವಳು. ನಾಚಿಕೆಯಿಂದ ಅವಳಿಗೆ ನಿಂತ ನೆಲವೇ ಬಾಯಿಬಿಡಬಾರದೇ ಎನಿಸಿತು.

ಎತ್ತರದ ಮಂಚದ ಮೇಲಿದ್ದ ಪ್ರಾಪ್ತಿ ದೊಡ್ಡವರ ಮಾತನ್ನೆಲ್ಲ ಕೇಳುತ್ತಿದ್ದಳು. ಅವಳು ಅಮ್ಮನ ಕಡೆ ನೋಡಲಿಲ್ಲ, ಡಾಕ್ಟರ ಕಡೆಯೂ ನೋಡಲಿಲ್ಲ. ಅಜ್ಜಿಯ ಸೆರಗು ಹಿಡಿದು ಎಳೆದಳು.

"ಅಜ್ಜಿ, ಈಗ ಅಳಬಹುದಾ?"

ನಳಿನಾಕ್ಷಿ ಮಂಚಕ್ಕೆ ಒರಗಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಳಗಿನ ಎಣ್ಣೆಯ ವಾಸನೆ ಆ ಕೈಗಳಲ್ಲಿ ಇನ್ನೂ ಇತ್ತು.

"ಅಳು ಮಗಾ," ಎಂದಳು. "ಎಷ್ಟು ಬೇಕೋ ಅಷ್ಟು ಅಳು. ಜೋರಾಗಿ ಅಳು. ಯಾರೂ ಎಂತ ಹೇಳೂದಿಲ್ಲ."

ಪ್ರಾಪ್ತಿ ಹೇಳಿದ ಮಾತು ಕೇಳುವ ಮಗು. ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು, ತುಟಿ ಸೊಟ್ಟ ಮಾಡಿದಳು, ಉಸಿರು ಎಳೆದುಕೊಂಡು ಗಂಟಲಲ್ಲಿ ತಡೆದು ಹಿಡಿದಳು. ಎಲ್ಲರೂ ಕಾದರು. ಸ್ವಲ್ಪ ಹೊತ್ತಿನ ಮೇಲೆ ಉಸಿರು ಹಾಗೆಯೇ ಹೊರಗೆ ಬಂತು, ಕಣ್ಣು ಒಣಗಿಯೇ ಇತ್ತು. ತಪ್ಪು ಲೆಕ್ಕ ಮಾಡಿ ಟೀಚರ ಮುಂದೆ ನಿಂತವಳ ಹಾಗೆ ಅವಳು ಅಜ್ಜಿಯನ್ನು ನೋಡಿದಳು.

"ಬರ್ತಾ ಇಲ್ಲ ಅಜ್ಜಿ," ಎಂದಳು. "ಬೈಬೇಡ."